ವಯಸ್ಸಾದ ಚಾಂಪಿಯನ್ ಗಾಲ್ಫರ್ ಪಾತಾಳಕ್ಕೆ ಬಿದ್ಮೇಲೆ ಮತ್ತೆ ಎದ್ದು ಬರೋಕಾಗುತ್ತಾ? ಪರ – ವಿರೋಧ

ಪರ: ಆಗುತ್ತೆ, ಕಣ್ಣಾರೆ ನೋಡಿದ್ದೀವಿ

2017ರ ಏಪ್ರಿಲ್. ಅಮೆರಿಕದ ಆಗಸ್ಟಾ ಮೈದಾನದಲ್ಲಿ ಮಾಸ್ಟರ್ಸ್ ಅನ್ನೋ ದೊಡ್ಡ ಟೂರ್ನಿ ಗೆದ್ದೋರಿಗೆಲ್ಲ ಪ್ರತಿ ವರ್ಷ ಒಂದು ಊಟ ಇರುತ್ತೆ, ಆ ಊಟಕ್ಕೆ ಟೈಗರ್ ವುಡ್ಸ್ ಬಂದಿದ್ದು ನರಕ್ಕೆ ಇಂಜೆಕ್ಷನ್ ಹಾಕಿಸ್ಕೊಂಡು, ಇಲ್ಲಾಂದ್ರೆ ಕುರ್ಚಿ ಮೇಲೆ ಕೂರೋಕೂ ಆಗ್ತಿರ್ಲಿಲ್ಲ. ಆಡೋ ಮಾತು ಬಿಡಿ, ನೆಟ್ಟಗೆ ಕೂತು ಊಟ ಮಾಡೋದೇ ಕಷ್ಟ. ಅದೇ ತಿಂಗಳು ಬೆನ್ನಿಗೆ ನಾಲ್ಕನೇ ಆಪರೇಷನ್ ಆಯ್ತು. ಮುಂದಿನ ತಿಂಗಳು ಮಾತ್ರೆಗಳ ಮಂಪರಲ್ಲಿ ಕಾರಲ್ಲಿ ಸಿಕ್ಕಿಬಿದ್ದು ಪೊಲೀಸ್ ಸ್ಟೇಷನ್ನಲ್ಲಿ ತೆಗೆದ ಫೋಟೋ ಪ್ರಪಂಚ ಪೂರ್ತಿ ಓಡಾಡ್ತು. ಆ ವರ್ಷ ನವೆಂಬರ್ ಕೊನೆ ಹೊತ್ತಿಗೆ ವರ್ಲ್ಡ್ ರ್‍ಯಾಂಕಿಂಗ್ 1199. ಒಂದು ಕಾಲದಲ್ಲಿ ವರ್ಷಗಟ್ಟಲೆ ನಂಬರ್ ಒನ್ ಆಗಿದ್ದ ಮನುಷ್ಯ ಸಾವಿರದ ಇನ್ನೂರನೇ ಜಾಗದಲ್ಲಿ, ಹೆಸರು ಹುಡುಕೋಕೆ ಪಟ್ಟಿ ಕೆಳಗೆ ಇಳೀತಾನೇ ಇರ್ಬೇಕು.

ಅದಾಗಿ ಎರಡು ವರ್ಷಕ್ಕೆ, 2019ರ ಏಪ್ರಿಲ್ 14ಕ್ಕೆ, ಅದೇ ಆಗಸ್ಟಾದಲ್ಲಿ 43ನೇ ವಯಸ್ಸಲ್ಲಿ ಐದನೇ ಸಲ ಮಾಸ್ಟರ್ಸ್ ಗೆದ್ದು ಹಸಿರು ಕೋಟು ಹಾಕ್ಕೊಂಡ.

ವಯಸ್ಸಾದೋರು ಬಿದ್ರೆ ಏಳಲ್ಲ ಅನ್ನೋರಿಗೆ ನಾನು ಮೊದ್ಲು ತೋರ್ಸೋದು ಇದನ್ನೇ. ಆದ್ರೆ ಇದು ಬರೀ ಟೈಗರ್ ಕಥೆ ಅಲ್ಲ, ಅವನೊಬ್ಬ ಅಪರೂಪದ ಪ್ರಾಣಿ ಬಿಡಿ ಅಂತ ತಳ್ಳಿ ಹಾಕೋ ಹಾಗೂ ಇಲ್ಲ, ಯಾಕಂದ್ರೆ ಕುಸಿತ ಅಂತ ನಾವು ಒಂದೇ ಪದ ಇಟ್ಕೊಂಡಿರೋದ್ರೊಳಗೆ ಬೇರೆಬೇರೆ ಕಾಯಿಲೆಗಳಿವೆ. ಮೈಗೆ ಏಟು ಬಿದ್ದು ಆಟ ಹೋಗೋದು ಒಂದು. ಸ್ವಿಂಗ್, ಅಂದ್ರೆ ಕ್ಲಬ್ ಬೀಸೋ ರೀತಿ, ಕೆಟ್ಟು ಹೋಗೋದು ಇನ್ನೊಂದು. ತಲೆ ಕೆಡೋದು, ಅಂದ್ರೆ ಗಮನ ನಿಲ್ಲದೇ ಇರೋದು, ಭಯ ಹತ್ತಿಕೊಳ್ಳೋದು ಮತ್ತೊಂದು. ಹೊರಗಿಂದ ನೋಡೋರಿಗೆ ಮೂರೂ ಒಂದೇ ತರ ಕಾಣುತ್ತೆ: ಸ್ಕೋರ್ ಜಾಸ್ತಿ ಆಗುತ್ತೆ (ಗಾಲ್ಫ್‌ನಲ್ಲಿ ಕಮ್ಮಿ ಇದ್ದಷ್ಟೂ ಒಳ್ಳೇದು), ಕಟ್ ಮಿಸ್ ಆಗುತ್ತೆ, ಅಂದ್ರೆ ಎರಡು ದಿನ ಆದ್ಮೇಲೆ ಮುಂದಕ್ಕೆ ಹೋಗೋರ ಪಟ್ಟಿಯಲ್ಲಿ ಹೆಸರಿರಲ್ಲ, ಶುಕ್ರವಾರಾನೇ ಬ್ಯಾಗ್ ಕಟ್ಕೊಂಡು ಮನೆಗೆ ಹೋಗ್ತಾರೆ. ಒಳಗಡೆ ಮಾತ್ರ ಪೂರ್ತಿ ಬೇರೆ. ಜ್ವರ ಅಂತ ಬಂದೋರಿಗೆಲ್ಲ ಒಂದೇ ಕಾಯಿಲೆ ಅಂತ ಡಾಕ್ಟ್ರು ಹೇಳಲ್ಲ ತಾನೆ, ಹಾಗೇ.

ಟೈಗರ್ ವಿಷಯದಲ್ಲೇ ನೋಡಿ. 2015ರಲ್ಲಿ ಫೀನಿಕ್ಸ್‌ನಲ್ಲಿ 82 ಹೊಡೆದ, ಜೂನ್‌ನಲ್ಲಿ ಮೆಮೋರಿಯಲ್ ಟೂರ್ನಿಯಲ್ಲಿ 85, ಪ್ರೊಫೆಷನಲ್ ಆಗಿ ಅವನ ಅತಿ ಕೆಟ್ಟ ರೌಂಡ್ ಅದು. ಗ್ರೀನ್ (ಹೋಲ್ ಇರೋ ನುಣ್ಣನೆ ಹುಲ್ಲಿನ ಜಾಗ) ಪಕ್ಕದಿಂದ ಚಿಪ್, ಅಂದ್ರೆ ಮೆತ್ತಗೆ ಎತ್ತಿ ಹಾಕೋ ಚಿಕ್ಕ ಶಾಟ್, ಮಾಡೋಕೆ ಹೋದ್ರೆ ಒಂದ್ಸಲ ಬಾಲ್ ಹಿಂದಿನ ಮಣ್ಣಿಗೆ ಹೊಡೀತಿದ್ದ, ಇನ್ನೊಂದ್ಸಲ ಬಾಲ್ ನೆತ್ತಿಗೆ ತಾಗಿಸಿ ಗ್ರೀನ್ ಆಚೆ ಕಳಿಸ್ತಿದ್ದ. ಚಿಕ್ಕ ಮಕ್ಕಳು ಕಲಿಯೋ ಶಾಟ್ ಅದು. ಆಗ ಎಲ್ರೂ ಹೇಳಿದ್ದು, ಇದು ಯಿಪ್ಸ್, ಅಂದ್ರೆ ಶಾಟ್ ಹೊಡೆಯೋವಾಗ ಕೈ ಮಾತು ಕೇಳದೇ ಜರ್ಕ್ ಹೊಡೆಯೋ ರೋಗ, ಒಂದ್ಸಲ ನರಕ್ಕೆ ಹತ್ತಿಕೊಂಡ್ರೆ ಬಿಡಲ್ಲ, ಕಥೆ ಮುಗೀತು ಅಂತ. ಆದ್ರೆ ಬೆನ್ನು ಸರಿ ಹೋದ್ಮೇಲೆ ಆ ಚಿಪ್ಪಿಂಗ್ ರೋಗಾನೂ ಹೆಚ್ಚುಕಮ್ಮಿ ಮಾಯ ಆಯ್ತು! ನನಗನ್ಸೋದು ಇಷ್ಟು, ನೋವಿರೋ ಬೆನ್ನು ಕೈಗೆ ಸುಳ್ಳು ಹೇಳುತ್ತೆ. ಬಗ್ಗಿ ನಿಲ್ಲೋಕೆ ಹೆದರೋ ಮೈ ಚಿಪ್ ಹೇಗೆ ಮಾಡುತ್ತೆ. ತಲೆ ಕೆಟ್ಟಿದೆ ಅಂತ ನಾವು ಅಂದ್ಕೊಂಡಿದ್ದು ಪೂರ್ತಿ ತಲೆಯದ್ದಲ್ಲ, ಬೆನ್ನಿನ ಪಾಲೂ ಅದ್ರಲ್ಲಿತ್ತು.

ಬೆನ್ನಿನ ಆಪರೇಷನ್ ಬಗ್ಗೆನೂ ಒಂದು ಮಾತು. ಬೆನ್ನುಮೂಳೆ ಕೆಳಭಾಗದಲ್ಲಿ ಸವೆದು ಹೋಗಿದ್ದ ಡಿಸ್ಕ್ ತೆಗೆದು ಎರಡು ಮೂಳೆ ಒಂದಾಗೋ ಹಾಗೆ ಬೆಸೆದ್ರು, ಫ್ಯೂಷನ್ ಅಂತಾರೆ. ಮೂಳೆ ಬೆಸೆದ್ಮೇಲೆ ಮೈ ತಿರುಗೋದು ಹೇಗೆ, ಸ್ವಿಂಗ್ ಮಾಡೋದು ಹೇಗೆ ಅಂತ ನನಗೂ ಅನ್ಸಿತ್ತು. ಆದ್ರೆ ಸ್ವಿಂಗ್‌ನಲ್ಲಿ ಮೈ ತಿರುಗೋದು ಜಾಸ್ತಿ ಸೊಂಟದ ಕೀಲಿಂದ ಮತ್ತೆ ಎದೆ ಭಾಗದ ಬೆನ್ನಿಂದ, ಕೆಳಬೆನ್ನು ತಿರುಗೋದು ಬಹಳ ಕಮ್ಮಿ. ಅಲ್ಲಿ ನೋವು ಹೋದ್ರೆ ಉಳಿದದ್ದು ಕೆಲಸ ಮಾಡುತ್ತೆ. 2018ರ ಮಾರ್ಚ್‌ನಲ್ಲಿ ವಾಲ್ಸ್‌ಪಾರ್ ಟೂರ್ನಿಯಲ್ಲಿ ಅವನ ಕ್ಲಬ್ ಸ್ಪೀಡ್ ಗಂಟೆಗೆ 129 ಮೈಲಿ ಅಂತ ಅಳತೆ ಬಂತು, 42 ವರ್ಷದ ಮನುಷ್ಯ, ಬೆನ್ನಲ್ಲಿ ಮೂಳೆ ಬೆಸೆದಿರೋನು, ಇಪ್ಪತ್ತರ ಹುಡುಗರ ಸಮಕ್ಕೆ. ಅದೇ ವರ್ಷ ಕಾರ್ನೂಸ್ಟಿಯಲ್ಲಿ, ಬ್ರಿಟನ್ನಿನ ದೊಡ್ಡ ಟೂರ್ನಿ ಆದ ಓಪನ್‌ನ ಕೊನೇ ದಿನ ಸ್ವಲ್ಪ ಹೊತ್ತು ಲೀಡ್‌ನಲ್ಲಿದ್ದ, ಬೆಲ್‌ರೀವ್‌ನಲ್ಲಿ ಪಿಜಿಎ ಚಾಂಪಿಯನ್‌ಶಿಪ್‌ನ ಭಾನುವಾರ 64 ಹೊಡೆದು ಎರಡನೇ ಸ್ಥಾನ, ಸೆಪ್ಟೆಂಬರ್‌ನಲ್ಲಿ ಈಸ್ಟ್ ಲೇಕ್‌ನಲ್ಲಿ ಟೂರ್ ಚಾಂಪಿಯನ್‌ಶಿಪ್ ಗೆದ್ದೇ ಬಿಟ್ಟ. ಐದು ವರ್ಷ ಆದ್ಮೇಲೆ ಒಂದು ಗೆಲುವು. ಕೊನೇ ಹೋಲ್‌ನಲ್ಲಿ ಜನ ಹಗ್ಗ ದಾಟಿ ಅವನ ಹಿಂದೆ ಸಮುದ್ರದ ತರ ಬಂದಿದ್ದು ನೆನಪಿದೆಯಾ, ನಾನಂತೂ ಅವತ್ತು ಸುಮ್ನೆ ಕೂತು ಅತ್ತಿದ್ದೆ, ಅದನ್ನ ಹೇಳ್ಕೊಳ್ಳೋಕೆ ನಾಚಿಕೆ ಇಲ್ಲ.

ಈಗ ಗಾಲ್ಫ್ ಅನ್ನೋ ಆಟದ ಗುಣ ನೋಡಿ. ಬಾಲ್ ನಿಂತಿರುತ್ತೆ. ಯಾರೂ ಎದುರಿಂದ ಬೌಲ್ ಮಾಡಲ್ಲ, ಯಾರೂ ಓಡಿ ಬಂದು ಟ್ಯಾಕಲ್ ಮಾಡಲ್ಲ. ಟೆನ್ನಿಸ್‌ನಲ್ಲಿ ಕಾಲು ಅರ್ಧ ಸೆಕೆಂಡ್ ನಿಧಾನ ಆದ್ರೆ ಮುಗೀತು, ಎದುರಾಳಿ ಅದನ್ನೇ ಹಿಡ್ಕೊಂಡು ಎಳೆದಾಡಿಸ್ತಾನೆ. ಗಾಲ್ಫ್‌ನಲ್ಲಿ ನಿಮ್ಮ ವೀಕ್‌ನೆಸ್ ಮೇಲೆ ಹೊಡೆಯೋರು ಯಾರೂ ಇಲ್ಲ, ಇರೋದು ನೀವು ಮತ್ತೆ ಆ ಮೈದಾನ. ಆ ಮೈದಾನದ ಬಗ್ಗೆ ಇಪ್ಪತ್ತು ವರ್ಷದಿಂದ ಕೂಡಿಟ್ಟ ತಿಳುವಳಿಕೆ ವಯಸ್ಸಾದ್ರೆ ಹೋಗಲ್ಲ, ಬೆಳೆಯುತ್ತೆ. 2019ರ ಆ ಭಾನುವಾರ 12ನೇ ಹೋಲ್‌ನಲ್ಲಿ ಏನಾಯ್ತು? ಚಿಕ್ಕ ಪಾರ್-3, ಅಂದ್ರೆ ಮೂರು ಶಾಟ್‌ನಲ್ಲಿ ಮುಗಿಸ್ಬೇಕಾದ ಹೋಲ್, ಮುಂದೆ ರೇಸ್ ಕ್ರೀಕ್ ಅನ್ನೋ ತೊರೆ, ಗಾಳಿ ಯಾವ ಕಡೆ ಬೀಸ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ. ಲೀಡ್‌ನಲ್ಲಿದ್ದ ಮೊಲಿನಾರಿ ನೀರಿಗೆ ಹಾಕ್ದ, ಕೆಪ್ಕಾ ನೀರಿಗೆ ಹಾಕ್ದ, ಫಿನಾವ್ ನೀರಿಗೆ ಹಾಕ್ದ. ಟೈಗರ್ ಮಾತ್ರ ಧ್ವಜದ ಕಡೆ ತಲೆನೂ ಹಾಕ್ಲಿಲ್ಲ, ಎಡಕ್ಕೆ ಬಂಕರ್ ಮೇಲಿಂದ ಗ್ರೀನ್ ಅಗಲ ಇರೋ ಜಾಗಕ್ಕೆ ಹೊಡೆದು, ಗ್ರೀನ್ ಮೇಲೆ ಉರುಳಿಸೋ ಎರಡು ಪಟ್‌ನಲ್ಲಿ ಪಾರ್ ಮಾಡಿ ನಡ್ಕೊಂಡು ಹೋದ. ಆ ಒಂದು ಶಾಟ್‌ನಲ್ಲಿ ಮಾಸ್ಟರ್ಸ್ ಗೆದ್ದಿದ್ದು ತೋಳಿನ ಬಲ ಅಲ್ಲ. ಇಪ್ಪತ್ತೈದರ ಟೈಗರ್ ಆಗಿದ್ರೆ ಬಹುಶಃ ಧ್ವಜಕ್ಕೇ ಗುರಿ ಇಡ್ತಿದ್ದ, ಇದು ನನ್ನ ಅಂದಾಜು.

ಜಾಕ್ ನಿಕ್ಲಸ್ 1986ರ ಮಾಸ್ಟರ್ಸ್‌ನಲ್ಲಿ ಮಾಡಿದ್ದೂ ಇದನ್ನೇ. 46 ವರ್ಷ, ಆರು ವರ್ಷದಿಂದ ಮೇಜರ್ (ಮಾಸ್ಟರ್ಸ್, ಓಪನ್, ಯುಎಸ್ ಓಪನ್, ಪಿಜಿಎ ಚಾಂಪಿಯನ್‌ಶಿಪ್, ಈ ನಾಲ್ಕರಲ್ಲೊಂದು) ಇಲ್ಲ, ಅಟ್ಲಾಂಟಾದ ಪೇಪರ್‌ನಲ್ಲಿ ಇವನ ಕಥೆ ಮುಗೀತು, ತುಕ್ಕು ಹಿಡಿದಿದೆ ಅನ್ನೋ ಅರ್ಥದಲ್ಲಿ ಬರೆದಿದ್ರು. ಆ ಪೇಪರ್ ಕಟಿಂಗನ್ನ ಅವನ ಸ್ನೇಹಿತ ಅವರಿದ್ದ ಮನೆಯ ಫ್ರಿಜ್ ಮೇಲೆ ಅಂಟಿಸಿದ, ವಾರ ಪೂರ್ತಿ ಅದನ್ನ ನೋಡ್ಕೊಂಡೇ ನೀರು ಕುಡೀಬೇಕು. ಭಾನುವಾರ ನಾಲ್ಕು ಶಾಟ್ ಹಿಂದಿಂದ ಶುರು ಮಾಡಿ, ಮಗ ಬ್ಯಾಗ್ ಹೊರೋ ಕ್ಯಾಡಿ ಆಗಿ ಪಕ್ಕದಲ್ಲಿ ನಡೀತಿದ್ರೆ, ಕೊನೇ ಒಂಬತ್ತು ಹೋಲ್ 30 ಶಾಟ್‌ಗೆ ಮುಗಿಸಿ ಗೆದ್ದ. ಆ ಸಂಜೆ ಹಿಂದೆ ಬಿದ್ದೋರು ಗ್ರೆಗ್ ನಾರ್ಮನ್, ಟಾಮ್ ಕೈಟ್, ಸೆವೆ ಬಾಯೆಸ್ಟೆರೋಸ್, ಎಲ್ಲ ಅವನಿಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕೋರು, ಆಗಿನ ಕಾಲಕ್ಕೆ ಪ್ರಪಂಚದ ಬೆಸ್ಟ್ ಆಟಗಾರರು.

ತಲೆಯ ಕಾಯಿಲೆಗೂ ಮದ್ದಿದೆ ಅನ್ನೋಕೆ ಫಿಲ್ ಮಿಕಲ್ಸನ್. 2021ರಲ್ಲಿ 115ನೇ ರ್‍ಯಾಂಕ್‌ಗೆ ಇಳಿದಿದ್ದ, 50 ಆಗಿತ್ತು, 50 ತುಂಬಿದೋರು ಆಡೋ ಸೀನಿಯರ್ಸ್ ಟೂರ್‌ನಲ್ಲೂ ಆಡೋಕೆ ಶುರು ಮಾಡಿದ್ದ. ಅವನೇ ಹೇಳ್ಕೊಂಡಿದ್ದ ತೊಂದರೆ ಅಂದ್ರೆ ಹದಿನೆಂಟು ಹೋಲ್ ಪೂರ್ತಿ ಗಮನ ನಿಲ್ತಿಲ್ಲ, ನಡುವೆ ಎಲ್ಲೋ ಶಾಟ್ ಕಣ್ಮುಂದೆ ಬರೋದೇ ನಿಂತು ಹೋಗುತ್ತೆ ಅಂತ. ಅದಕ್ಕೆ ಮಾಡಿದ್ದೇನು? ಗಮನಾನೂ ಒಂದು ಮಸಲ್ ಅಂತ ತಿಳ್ಕೊಂಡು ದಿನಕ್ಕೆ 36, 45 ಹೋಲ್ ಪ್ರಾಕ್ಟೀಸ್ ಆಡಿದ, ಧ್ಯಾನ ಮಾಡಿದ, ಊಟ ಕಟ್ಟುನಿಟ್ಟು ಮಾಡಿದ. ಮೇ ತಿಂಗಳಲ್ಲಿ ಕೀವಾ ಐಲೆಂಡ್‌ನಲ್ಲಿ ಸಮುದ್ರದ ಗಾಳಿ ಮಧ್ಯೆ ಪಿಜಿಎ ಚಾಂಪಿಯನ್‌ಶಿಪ್ ಗೆದ್ದು ಮೇಜರ್ ಗೆದ್ದ ಅತಿ ಹಿರಿಯ ಆಟಗಾರ ಆದ. ಭಾನುವಾರ 16ನೇ ಹೋಲ್‌ನಲ್ಲಿ ಅವನು ಹೊಡೆದ 366 ಯಾರ್ಡ್ ಡ್ರೈವ್ ಆ ದಿನ ಆ ಹೋಲ್‌ನಲ್ಲಿ ಎಲ್ರಿಗಿಂತ ಉದ್ದದ್ದು, ಕೆಪ್ಕಾದಕ್ಕಿಂತಲೂ.

ಯಿಪ್ಸ್‌ಗೂ ದಾರಿ ಇದೆ. ಬರ್ನ್‌ಹಾರ್ಡ್ ಲಾಂಗರ್‌ಗೆ ಜೀವಮಾನದಲ್ಲಿ ಒಂದ್ಸಲ ಅಲ್ಲ, ಹಲವು ಸಲ ಪಟ್ಟಿಂಗ್ ಯಿಪ್ಸ್ ಬಂದಿದೆ, ಎರಡು ಅಡಿ ಪಟ್‌ಗೆ ಕೈ ಜರ್ಕ್ ಹೊಡೆಯೋದು. ಪ್ರತಿ ಸಲ ಬೇರೆ ಏನೋ ಹುಡುಕಿದ: ಕೈ ಮೇಲೆ ಕೆಳಗೆ ಬದಲಾಯಿಸಿದ, ಪಟರ್ ಹಿಡಿಯನ್ನ ಮುಂಗೈಗೆ ಒತ್ತಿ ಹಿಡಿದ, ಆಮೇಲೆ ಉದ್ದನೆ ಪಟರ್. 2016ರಲ್ಲಿ ಪಟರ್ ಮೈಗೆ ಆನಿಸೋದು ನಿಷೇಧ ಆದ್ಮೇಲೂ ಅದೇ ಉದ್ದ ಪಟರನ್ನ ಮೈಗೆ ತಾಗಿಸದೇ ಆಡೋದು ಕಲಿತ. 2024ರ ಫೆಬ್ರವರಿಯಲ್ಲಿ ಹಿಮ್ಮಡಿ ನರ ಕಿತ್ತು ಹೋಯ್ತು, ಅದೇ ವರ್ಷ ನವೆಂಬರ್‌ನಲ್ಲಿ 67ನೇ ವಯಸ್ಸಲ್ಲಿ ಸೀನಿಯರ್ಸ್ ಟೂರ್‌ನ ಕೊನೇ ಟೂರ್ನಿ ಗೆದ್ದ. ಮುಗೀತು ಅನ್ನೋ ಮಾತನ್ನ ಅವನ ಮುಂದೆ ಎಷ್ಟು ಸಲ ಹೇಳಿರಬಹುದು.

ಹೆನ್ರಿಕ್ ಸ್ಟೆನ್ಸನ್ ಎರಡು ಸಲ ತಳಕ್ಕೆ ಹೋಗಿ ಎರಡು ಸಲ ಎದ್ದ. ಎರಡನೇ ಸಲ 2012ರ ಹೊತ್ತಿಗೆ ರ್‍ಯಾಂಕ್ ಇನ್ನೂರರ ಆಚೆ, ಮುಂದಿನ ವರ್ಷ ಅಮೆರಿಕದ ಟೂರ್‌ನ ವರ್ಷದ ಕಪ್ ಆದ ಫೆಡೆಕ್ಸ್ ಕಪ್, 2016ರಲ್ಲಿ 40ನೇ ವಯಸ್ಸಲ್ಲಿ ಟ್ರೂನ್‌ನಲ್ಲಿ ಕೊನೇ ದಿನ 63 ಹೊಡೆದು ಓಪನ್. ಬೆನ್ ಹೋಗನ್ 1949ರಲ್ಲಿ ಬಸ್ಸು ಕಾರಿಗೆ ಗುದ್ದಿ ಸೊಂಟದ ಮೂಳೆ, ಕತ್ತಿನ ಪಕ್ಕದ ಮೂಳೆ, ಪಾದದ ಕೀಲಿನ ಮೂಳೆ ಎಲ್ಲ ಮುರ್ಕೊಂಡು ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟಿ ಸಾಯೋ ಸ್ಥಿತಿಗೆ ಹೋದ, 16 ತಿಂಗಳಿಗೆ ಕಾಲಿಗೆ ಬ್ಯಾಂಡೇಜ್ ಸುತ್ಕೊಂಡು ಮೆರಿಯನ್‌ನಲ್ಲಿ ಯುಎಸ್ ಓಪನ್ ಗೆದ್ದ. ಅವನ ಒಂಬತ್ತು ಮೇಜರ್‌ನಲ್ಲಿ ಆರು ಆಕ್ಸಿಡೆಂಟ್ ಆದ್ಮೇಲೆ ಬಂದಿರೋದು.

ಎಲ್ರೂ ಬರ್ತಾರೆ ಅಂತ ನಾನು ಹೇಳ್ತಿಲ್ಲ. ಯಾವ ಕಾಯಿಲೆ ಅಂತ ಸರಿಯಾಗಿ ಕಂಡ್ಕೊಂಡೋರು ಬರ್ತಾರೆ. ಜೊತೆಗೆ ಹಳೇ ತರಾನೇ ಆಡ್ಬೇಕು ಅನ್ನೋ ಹಠ ಬಿಟ್ಟೋರು ಬರ್ತಾರೆ. ಚಾಂಪಿಯನ್ ಆದೋರಿಗೆ ಗೆಲ್ಲೋದು ಹೇಗಿರುತ್ತೆ ಅನ್ನೋದು ಮೈಯಲ್ಲೇ ಗೊತ್ತು, ಕೊನೇ ಒಂಬತ್ತು ಹೋಲ್‌ನಲ್ಲಿ ಲೀಡ್‌ಗೆ ಬಂದಾಗ ಎದೆ ಹೊಡ್ಕೊಳ್ಳೋದನ್ನ ಅವರು ಆಗಲೇ ಹತ್ತು ಸಲ ದಾಟಿದ್ದಾರೆ. ಹೊಸಬರು ಅದನ್ನ ಮೊದಲನೇ ಸಲ ದಾಟ್ಬೇಕು. ಒಂದು ವಾರ ಮೈ ಸಹಕರಿಸ್ಲಿ ಸಾಕು, ಉಳಿದದ್ದೆಲ್ಲ ಒಳಗೆ ಇದ್ದೇ ಇದೆ.

ವಿರೋಧ: ಒಂದು ವಾರ ಬರ್ತಾರೆ, ವಾಪಸ್ ಬರಲ್ಲ

ಮೇಲಿನ ಬರಹದ ಕೊನೇ ಸಾಲು ಮತ್ತೆ ಓದಿ. "ಒಂದು ವಾರ ಮೈ ಸಹಕರಿಸ್ಲಿ ಸಾಕು." ನನ್ನ ತಕರಾರು ಪೂರ್ತಿ ಅಲ್ಲೇ ಇದೆ.

ಒಂದು ವಾರ ಚೆನ್ನಾಗಿ ಆಡೋದನ್ನ ಚೇತರಿಕೆ ಅನ್ನೋಕಾಗುತ್ತಾ? ಆರು ತಿಂಗಳಿಂದ ಹಾಸಿಗೆ ಹಿಡಿದಿರೋರು ಒಂದು ದಿನ ಎದ್ದು ಹೊಸಿಲವರೆಗೂ ನಡೆದು ಬಂದ್ರೆ ನಮಗೆ ಖುಷಿ ಆಗುತ್ತೆ, ಆಗ್ಲೇಬೇಕು, ಆದ್ರೆ ಗುಣ ಆಯ್ತು ಅಂತ ಯಾರೂ ಹೇಳಲ್ಲ. ಆ ಗೆಲುವುಗಳ ಮಾರನೇ ದಿನ ಏನಾಯ್ತು ಅಂತ ಪರ ವಾದ ಮಾಡೋರು ಯಾವತ್ತೂ ಹೇಳಲ್ಲ, ನಾನು ಹೇಳ್ತೀನಿ. 1986ರ ಮಾಸ್ಟರ್ಸ್ ಆದ್ಮೇಲೆ ನಿಕ್ಲಸ್ ಅಮೆರಿಕದ ಮುಖ್ಯ ಟೂರ್ ಆದ ಪಿಜಿಎ ಟೂರ್‌ನಲ್ಲಿ ಇನ್ನೊಂದು ಟೂರ್ನಿ ಗೆಲ್ಲಲೇ ಇಲ್ಲ. ಅದೇ 73ನೇದು, ಅದೇ ಕೊನೇದು. ಮಿಕಲ್ಸನ್ ಕೀವಾ ಐಲೆಂಡ್ ಗೆದ್ದಾದ್ಮೇಲೆ ಇನ್ನೊಂದು ಮೇಜರ್ ಗೆದ್ದಿಲ್ಲ, ಲಿವ್ ಅನ್ನೋ ಹೊಸ ಲೀಗ್‌ಗೆ ಹೋದ್ಮೇಲೂ ವರ್ಷಗಟ್ಟಲೆ ಗೆಲುವಿಲ್ಲದೇ ಒದ್ದಾಡಿದ್ದಾನೆ. ಟೈಗರ್ 2019ರ ಮಾಸ್ಟರ್ಸ್ ಆದ್ಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಜಪಾನ್‌ನಲ್ಲಿ ಒಂದು ಗೆದ್ದು ಸ್ಯಾಮ್ ಸ್ನೀಡ್‌ನ 82 ಗೆಲುವಿನ ದಾಖಲೆಗೆ ಸಮ ಮಾಡಿದ, ಆ 82ರಿಂದ ಮುಂದಕ್ಕೆ ಹೋಗೋಕೆ ಆಗ್ಲೇ ಇಲ್ಲ. ಆರೋ ದೀಪ ಒಂದ್ಸಲ ಜೋರಾಗಿ ಉರಿಯುತ್ತೆ ಅಂತ ಹಿರಿಯರು ಹೇಳ್ತಿದ್ದಿದ್ದು ಇದನ್ನೇ.

ಲೆಕ್ಕಕ್ಕೂ ಬರೋಣ. ಮೊದಲ ಓಪನ್ ನಡೆದಿದ್ದು 1860ರಲ್ಲಿ. ಅಲ್ಲಿಂದ ಇಲ್ಲಿವರೆಗೂ 450ಕ್ಕೂ ಹೆಚ್ಚು ಮೇಜರ್‌ಗಳು ಆಗಿವೆ. ಅದ್ರಲ್ಲಿ 46 ಅಥವಾ ಅದಕ್ಕಿಂತ ಜಾಸ್ತಿ ವಯಸ್ಸಲ್ಲಿ ಗೆದ್ದೋರು ನಾಲ್ಕೇ ಜನ: 1867ರಲ್ಲಿ ಓಲ್ಡ್ ಟಾಮ್ ಮಾರಿಸ್, 1968ರಲ್ಲಿ ಜೂಲಿಯಸ್ ಬೋರೋಸ್, ನಿಕ್ಲಸ್, ಮಿಕಲ್ಸನ್. ನೂರಾರು ಚಾಂಪಿಯನ್‌ಗಳಿಗೆ ಆ ವಯಸ್ಸಾಗಿದೆ, ಎಲ್ರೂ ಮತ್ತೆ ಗೆಲ್ಬೇಕು ಅಂತ ಒದ್ದಾಡಿದ್ದಾರೆ. ನಾಲ್ಕು ಜನ. ನಾವು ಈ ನಾಲ್ಕೇ ಹೆಸರನ್ನ ಸುತ್ತಿ ಸುತ್ತಿ ಹೇಳ್ತಾ ಇದ್ದೀವಿ, ಉಳಿದೋರ ಹೆಸರು ಯಾರೂ ಹೇಳಲ್ಲ ಅಷ್ಟೇ.

ಹೋಗನ್ ಉದಾಹರಣೆ ಕೊಟ್ಟಿದ್ದೀರಲ್ಲ, ಅದ್ರಲ್ಲೇ ಉತ್ತರ ಇದೆ. ಅವನಿಗೆ ಆಗಿದ್ದು ಆಕ್ಸಿಡೆಂಟ್, ಆಗ 36 ವರ್ಷ. ಮುರಿದ ಮೂಳೆ ಕೂಡ್ಕೊಳ್ಳುತ್ತೆ. ಆದ್ರೆ ನಿಜವಾದ ವಯಸ್ಸಿನ ಕುಸಿತ ಬಂದಾಗ ಅದೇ ಹೋಗನ್ ಏನಾದ? 1955ರ ಯುಎಸ್ ಓಪನ್‌ನಲ್ಲಿ, ಒಲಿಂಪಿಕ್ ಕ್ಲಬ್‌ನಲ್ಲಿ ಯಾರಿಗೂ ಗೊತ್ತಿಲ್ಲದ ಜಾಕ್ ಫ್ಲೆಕ್ ಹತ್ರ, ಸ್ಕೋರ್ ಸಮ ಆದಾಗ ಆಡೋ ಪ್ಲೇಆಫ್ ಸೋತ. ಆಮೇಲೆ ಪಟ್ಟಿಂಗ್ ಕೈಕೊಡ್ತು, ಬಾಲ್ ಮೇಲೆ ಪಟರ್ ಇಟ್ಕೊಂಡು ಕಲ್ಲಿನ ತರ ನಿಂತು ಬಿಡ್ತಿದ್ದ, ಪಟರ್ ಹಿಂದಕ್ಕೆ ಎಳೆಯೋಕೆ ಕೈ ಏಳ್ತಿರ್ಲಿಲ್ಲ. ಪ್ರಪಂಚದಲ್ಲಿ ಬಾಲನ್ನ ಅಷ್ಟು ನೆಟ್ಟಗೆ ಹೊಡೆಯೋರು ಇರ್ಲಿಲ್ಲ ಅನ್ನೋ ಮನುಷ್ಯ ಮೂರಡಿ ಪಟ್ ಮುಂದೆ ಹೆದರಿ ನಿಂತ. ಹತ್ತನೇ ಮೇಜರ್ ಬರ್ಲೇ ಇಲ್ಲ. ಬಸ್ಸಿಗೆ ಸೋಲದೋನು ನರಕ್ಕೆ ಸೋತ.

ಟಾಮ್ ವಾಟ್ಸನ್‌ದೂ ಅದೇ ಕಥೆ. 2009ರಲ್ಲಿ ಟರ್ನ್‌ಬೆರ್ರಿಯಲ್ಲಿ 59ನೇ ವಯಸ್ಸಲ್ಲಿ ಓಪನ್‌ನ ಕೊನೇ ಹೋಲ್‌ಗೆ ಬಂದಾಗ ಒಂದು ಪಾರ್ ಬೇಕಿತ್ತು, ಒಂದೇ ಒಂದು ಪಾರ್. ಬಾಲ್ ಗ್ರೀನ್ ದಾಟಿ ಆಚೆ ಹೋಯ್ತು, ವಾಪಸ್ ತಂದು ಉಳಿದ ಪಟ್ ಸುಮಾರು ಎಂಟಡಿ, ಅದನ್ನ ಹೊಡೆದ ರೀತಿ ನೋಡಿದೋರಿಗೆ ಗೊತ್ತು, ಹೋಲ್ ಹತ್ರಾನೂ ಸುಳೀಲಿಲ್ಲ. ಆಮೇಲೆ ನಾಲ್ಕು ಹೋಲ್ ಪ್ಲೇಆಫ್‌ನಲ್ಲಿ ಸ್ಟೂವರ್ಟ್ ಸಿಂಕ್ ಆರು ಶಾಟ್‌ನಿಂದ ಗೆದ್ದ. 72 ಹೋಲ್ ಎಳ್ಕೊಂಡು ಬಂದ ಮೈ ಆ ನಾಲ್ಕು ಹೋಲ್‌ನಲ್ಲಿ ಖಾಲಿ. ನನಗೆ ಆ ಭಾನುವಾರ ಇವತ್ತಿಗೂ ನೋವು ಕೊಡುತ್ತೆ. ಅನುಭವ ಎಲ್ಲ ಇತ್ತಲ್ಲ ಅವನ ಹತ್ರ, ಐದು ಸಲ ಓಪನ್ ಗೆದ್ದಿದ್ದ, ಟರ್ನ್‌ಬೆರ್ರಿಯಲ್ಲೇ 1977ರಲ್ಲಿ ಗೆದ್ದಿದ್ದ, ಗಾಳಿ ಗೊತ್ತು, ನೆಲ ಗೊತ್ತು. ಬೇಕಾಗಿದ್ದು ಎಂಟಡಿಗೆ ಅಲುಗಾಡದ ಕೈ, ಅದು ಇರ್ಲಿಲ್ಲ.

ಗಾಲ್ಫ್‌ನಲ್ಲಿ ಬಾಲ್ ನಿಂತಿರುತ್ತೆ, ಎದುರಾಳಿ ಇಲ್ಲ ಅಂದ್ರಿ. ಬಾಲ್ ನಿಂತಿರುತ್ತೆ ನಿಜ, ಮೈದಾನ ನಿಂತಿಲ್ಲ! 1997ರಲ್ಲಿ ಟೈಗರ್ 12 ಶಾಟ್‌ನಿಂದ ಗೆದ್ದಾಗ ಆಗಸ್ಟಾ 6,925 ಯಾರ್ಡ್ ಇತ್ತು, 2019ರಲ್ಲಿ 7,475, 2024ಕ್ಕೆ 7,555. ಮೈ ಚಿಕ್ಕದಾಗ್ತಾ ಬರೋ ಹೊತ್ತಿಗೆ ಮೈದಾನ ದೊಡ್ಡದಾಗ್ತಾ ಹೋಗಿದೆ. ಕ್ಲಬ್ ಸ್ಪೀಡ್ ಒಂದು ಮೈಲಿ ಕಮ್ಮಿ ಆದ್ರೆ ಡ್ರೈವ್ ಸುಮಾರು ಎರಡೂವರೆ ಯಾರ್ಡ್ ಕಮ್ಮಿ ಆಗುತ್ತೆ, ಹತ್ತು ಮೈಲಿ ಹೋದ್ರೆ 25 ಯಾರ್ಡ್, ಅಂದ್ರೆ ಹುಡುಗರು ಎಂಟನೇ ನಂಬರ್ ಐರನ್‌ನಲ್ಲಿ ಎತ್ತರಕ್ಕೆ ಹೊಡೆದು ಗ್ರೀನ್ ಮೇಲೆ ಮೆತ್ತಗೆ ಇಳಿಸೋ ಜಾಗಕ್ಕೆ ಇವರು ಆರನೇ ನಂಬರ್ ತೆಗೀಬೇಕು, ಅದು ಇಳಿದ್ಮೇಲೆ ನಿಲ್ಲಲ್ಲ, ಉರುಳ್ಕೊಂಡು ಗ್ರೀನ್ ಆಚೆ ಹೋಗುತ್ತೆ. ಕೊಲಂಬಿಯಾ ಯೂನಿವರ್ಸಿಟಿಯ ಮಾರ್ಕ್ ಬ್ರಾಡಿ ಲಕ್ಷಾಂತರ ಶಾಟ್‌ಗಳ ಲೆಕ್ಕ ಹಾಕಿ ತೋರಿಸಿದ್ದಾರೆ, ಒಳ್ಳೇ ಆಟಗಾರರಿಗೂ ಉಳಿದೋರಿಗೂ ಇರೋ ವ್ಯತ್ಯಾಸದಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಭಾಗ ಬರೋದು ದೂರದ ಶಾಟ್‌ಗಳಿಂದ, ಪಟ್ಟಿಂಗಿಂದ ಅಲ್ಲ. ಅನುಭವ ಇರೋರು ಗ್ರೀನ್ ಹತ್ರ ಬುದ್ಧಿ ಉಪಯೋಗಿಸಿ ಉಳಿಸ್ಕೊಳ್ಳೋದು ಸ್ವಲ್ಪ, ಮೊದಲ ಶಾಟ್ ಹೊಡೆಯೋ ಟೀ ಇಂದ ಗ್ರೀನ್ ತಲುಪೋದ್ರೊಳಗೆ ಕಳ್ಕೊಳ್ಳೋದು ಜಾಸ್ತಿ. 12ನೇ ಹೋಲ್‌ನಲ್ಲಿ ಬುದ್ಧಿ ಗೆಲ್ಲಿಸ್ತು ಒಪ್ಕೋತೀನಿ. ಆದ್ರೆ ಆ ಬುದ್ಧಿ ಹಿಂದೆ ಇನ್ನೂ ಬಲ ಇತ್ತು, ನೀವೇ ಹೇಳಿದ ಆ 129 ಮೈಲಿ. ಬಲ ಹೋದ್ಮೇಲೆ ಬುದ್ಧಿ ಒಂದೇ ಇದ್ರೆ ಏನಾಗುತ್ತೆ ಅಂತ 2024ರಲ್ಲಿ ನೋಡಿದ್ವಿ.

2021ರ ಫೆಬ್ರವರಿಯಲ್ಲಿ ಕಾರ್ ಪಲ್ಟಿ ಆಗಿ ಟೈಗರ್ ಬಲಗಾಲು ನುಚ್ಚುನೂರಾಯ್ತು. ಮುಂದಿನ ವರ್ಷ ಮಾಸ್ಟರ್ಸ್ ಆಡಿ ಕಟ್ ದಾಟಿದ್ದೇ ಒಂದು ಪವಾಡ, ನಾನು ಅದನ್ನ ಚಿಕ್ಕದು ಮಾಡಲ್ಲ, ಆದ್ರೆ ಬಂದಿದ್ದು 47ನೇ ಸ್ಥಾನ. 2023ರಲ್ಲಿ ಅರ್ಧಕ್ಕೆ ಬಿಟ್ಟು ಪಾದದ ಕೀಲಿಗೆ ಆಪರೇಷನ್. 2024ರಲ್ಲಿ ಅದೇ ಆಗಸ್ಟಾದಲ್ಲಿ ಸತತ 24ನೇ ಸಲ ಕಟ್ ದಾಟಿ ದಾಖಲೆ ಮಾಡಿದ, ಮಾರನೇ ದಿನ 82, ಮೇಜರ್‌ಗಳಲ್ಲಿ ಅವನ ಅತಿ ಕೆಟ್ಟ ಸ್ಕೋರ್, ಕೊನೆಗೆ ಕಟ್ ದಾಟಿದೋರಲ್ಲಿ ಕೊನೇ ಸ್ಥಾನ. ಉಳಿದ ಮೂರು ಮೇಜರ್‌ನಲ್ಲೂ ಕಟ್ ಮಿಸ್. 2025ರ ಮಾರ್ಚ್‌ನಲ್ಲಿ ಎಡಗಾಲಿನ ಹಿಮ್ಮಡಿ ನರ ಹರೀತು, ಅಕ್ಟೋಬರ್‌ನಲ್ಲಿ ಬೆನ್ನಿನ ಇನ್ನೊಂದು ಡಿಸ್ಕ್ ಬದಲಾಯಿಸಿದ್ರು, ಡಿಸೆಂಬರ್ 30ಕ್ಕೆ 50 ತುಂಬ್ತು. ಶಾಟ್ ಹೊಡೆಯೋಕೆ ಕಷ್ಟ ಇಲ್ಲ, ನಾಲ್ಕು ದಿನ ನಡೆಯೋದೇ ಕಷ್ಟ ಅಂತ ಅವನೇ ಎಷ್ಟೋ ಸಲ ಹೇಳಿದ್ದಾನೆ. ಟಿವಿಯಲ್ಲಿ ನೋಡೋರಿಗೆ ಆಗಸ್ಟಾದ ಏರು ಇಳಿಜಾರು ಗೊತ್ತಾಗಲ್ಲ, ಚಪ್ಪಟೆಯಾಗಿ ಹಸಿರಾಗಿ ಕಾಣುತ್ತೆ. ಒಂದು ಕಾಯಿಲೆ ಕಂಡ್ಕೊಂಡು ಮದ್ದು ಮಾಡಿದ್ರೆ ಆಯ್ತು ಅಂತೀರಲ್ಲ, ವಯಸ್ಸಾದ ಮೈಗೆ ಒಂದೇ ಕಾಯಿಲೆ ಇರಲ್ಲ. ಬೆನ್ನು ಸರಿ ಮಾಡೋದ್ರೊಳಗೆ ಕಾಲು, ಕಾಲು ಸರಿ ಮಾಡೋದ್ರೊಳಗೆ ಹಿಮ್ಮಡಿ, ಅದು ಗುಣ ಆಗೋದ್ರೊಳಗೆ ಮತ್ತೆ ಬೆನ್ನು. ಹಳೇ ಬಟ್ಟೆಗೆ ತೇಪೆ ಹಾಕಿದ ಹಾಗೆ, ತೇಪೆ ಗಟ್ಟಿ ಇರುತ್ತೆ, ಪಕ್ಕದಲ್ಲಿ ಹರಿಯುತ್ತೆ.

ಲಾಂಗರ್ ಬಗ್ಗೆ ನನಗೆ ಅಪಾರ ಗೌರವ ಇದೆ. ಆದ್ರೆ ಅವನು ಗೆಲ್ಲೋದು ಸೀನಿಯರ್ಸ್ ಟೂರ್‌ನಲ್ಲಿ, ಹೆಚ್ಚಿನವು ಮೂರು ದಿನದ ಟೂರ್ನಿಗಳು, ಮೈದಾನ ಚಿಕ್ಕದು, ಎದುರಿಗಿರೋರೂ 50 ದಾಟಿದೋರೇ. ಅದು ಬೇರೆ ಪ್ರಶ್ನೆ. ಓರಗೆಯೋರ ಜೊತೆ ಚೆನ್ನಾಗಿ ಆಡೋಕಾಗುತ್ತಾ ಅಂದ್ರೆ ಖಂಡಿತ ಆಗುತ್ತೆ, ಅದಕ್ಕೆ ನನ್ನ ವಿರೋಧ ಇಲ್ಲ.

ಹೆಸರು ಹೇಳದೇ ಬಿಟ್ಟೋರ ಬಗ್ಗೆ ಈಗ ಹೇಳ್ತೀನಿ. ಡೇವಿಡ್ ಡುವಲ್, 1999ರಲ್ಲಿ ನಂಬರ್ ಒನ್, ಅದೇ ವರ್ಷ ಕೊನೇ ದಿನ 59 ಹೊಡೆದು ಟೂರ್ನಿ ಗೆದ್ದೋನು, 2001ರಲ್ಲಿ ಓಪನ್. ಆಮೇಲೆ ಪಿಜಿಎ ಟೂರ್‌ನಲ್ಲಿ ಒಂದೂ ಇಲ್ಲ. 2009ರಲ್ಲಿ 882ನೇ ರ್‍ಯಾಂಕ್‌ನಿಂದ ಬಂದು ಯುಎಸ್ ಓಪನ್‌ನಲ್ಲಿ ಎರಡನೇ ಸ್ಥಾನ ಹಂಚ್ಕೊಂಡಾಗ ಎಲ್ರೂ ಬಂದ ಬಂದ ಅಂದ್ರು, ಬರ್ಲಿಲ್ಲ. ಇಯಾನ್ ಬೇಕರ್-ಫಿಂಚ್ 1991ರಲ್ಲಿ ಓಪನ್ ಗೆದ್ದೋನು, 1997ರಲ್ಲಿ ಅದೇ ಓಪನ್‌ನಲ್ಲಿ ಮೊದಲ ದಿನ 92 ಹೊಡೆದು ಟೂರ್ನಿ ಬಿಟ್ಟು ಹೋದ, ಆಗ ಅವನಿಗೆ 36. ನಿಕ್ ಫಾಲ್ಡೋ 1996ರಲ್ಲಿ ಮಾಸ್ಟರ್ಸ್ ಗೆದ್ದು ಮುಂದಿನ ವರ್ಷ ಅಮೆರಿಕದಲ್ಲಿ ಇನ್ನೊಂದು ಗೆದ್ದ, ಅಷ್ಟೇ. ಇವರೆಲ್ಲ ಕಷ್ಟ ಪಡಲಿಲ್ಲ ಅಂತಾನಾ? ಕಾಯಿಲೆ ಹುಡುಕಲಿಲ್ಲ ಅಂತಾನಾ? ಕಾಯಿಲೆ ಕಂಡ್ಕೊಂಡೋರು ಬರ್ತಾರೆ ಅಂದ್ರೆ ಬರದೇ ಇದ್ದೋರದ್ದು ತಪ್ಪು ಅಂತ ಆಗುತ್ತಲ್ಲ, ಆ ಮಾತು ನನಗೆ ಸಹಿಸೋಕಾಗಲ್ಲ.

ಯಾಕಂದ್ರೆ ಸೆವೆ ಬಾಯೆಸ್ಟೆರೋಸ್. ಐದು ಮೇಜರ್, ಯುರೋಪಿನ ಗಾಲ್ಫ್‌ಗೆ ಜೀವ ತುಂಬಿದೋನು, ಕಾರ್ ಪಾರ್ಕಿಂಗ್‌ನಿಂದ ಬಾಲ್ ಹೊಡೆದು ಬರ್ಡಿ (ಪಾರ್‌ಗಿಂತ ಒಂದು ಶಾಟ್ ಕಮ್ಮಿ) ಮಾಡಿ ಓಪನ್ ಗೆದ್ದೋನು. 1995ರಲ್ಲಿ ಸ್ಪ್ಯಾನಿಷ್ ಓಪನ್ ಗೆದ್ದಾಗ 38 ವರ್ಷ, ಅದೇ ಕೊನೇದು. ಅಲ್ಲಿಂದ ಹನ್ನೆರಡು ವರ್ಷ ಹುಡುಕಿದ. ಒಬ್ಬ ಕೋಚ್, ಇನ್ನೊಬ್ಬ ಕೋಚ್, ಹೊಸ ಸ್ವಿಂಗ್, ಹಳೇ ಸ್ವಿಂಗ್, ಬೆನ್ನು ನೋವು ಜೊತೆಗೆ. ಡ್ರೈವರ್ ಕೈಗೆತ್ಕೊಂಡ್ರೆ ಬಾಲ್ ಎಡಕ್ಕೆ ಹೋಗುತ್ತೋ ಬಲಕ್ಕೆ ಹೋಗುತ್ತೋ ಅವನಿಗೇ ಗೊತ್ತಿಲ್ಲ. ಗ್ರೀನ್ ಹತ್ರ ಬಂದ್ರೆ ಆ ಕೈ ಮಾತ್ರ ಹಾಗೇ ಇತ್ತು, ಮಂತ್ರ ಹಾಕಿದ ಹಾಗೆ, ಅದೇ ಇನ್ನೂ ಕ್ರೂರ, ಯಾಕಂದ್ರೆ ಆ ಕೈ ನೋಡಿ ಅವನಿಗೂ ನಮಗೂ ಪ್ರತಿ ಸಲ ಆಸೆ ಹುಟ್ಟೋದು. ನಾವೂ ಸುಮ್ನಿರ್ಲಿಲ್ಲ, ಸೆವೆ ವಾಪಸ್ ಬರ್ತಾನೆ ಅಂತ ವರ್ಷ ವರ್ಷ ಹೇಳ್ತಾನೇ ಬಂದ್ವಿ. ಆ ಆಸೆಯ ಭಾರ ಹೊತ್ಕೊಂಡು ಅವನು 80 ಹೊಡೀತಾ ಇದ್ದ.

2006ರಲ್ಲಿ ಹೊಯ್‌ಲೇಕ್‌ನಲ್ಲಿ ಓಪನ್ ಆಡೋಕೆ ಬಂದಾಗ ಬ್ಯಾಗ್ ಹೊತ್ತಿದ್ದು ಅವನ ಮಗ. ನಿಕ್ಲಸ್ ಪಕ್ಕದಲ್ಲಿ 1986ರಲ್ಲಿ ಮಗ ಇದ್ದ ಹಾಗೇ. ಸೆವೆ ಎರಡು ದಿನ ಆಡಿದ, ಕಟ್ ದಾಟಲಿಲ್ಲ. ಮುಂದಿನ ವರ್ಷ ಜುಲೈನಲ್ಲಿ ಕಾರ್ನೂಸ್ಟಿಯಲ್ಲಿ, ಓಪನ್ ಶುರುವಾಗೋಕೆ ಮುಂಚೆ, ಪತ್ರಕರ್ತರ ಮುಂದೆ ಕೂತು ಇನ್ನು ಆಡಲ್ಲ ಅಂದ. ಆಗ ಅವನಿಗೆ 50 ವರ್ಷ.